ಚೌಡಿಕೆಯ ಶ್ರುತಿ

ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ ಭರತಮುನಿಯ ಮುಂದೆ ಯಾರಾದರೊಬ್ಬರು ಚೌಡಿಕೆಯನ್ನು ತಂದಿಟ್ಟಿದ್ದರೆ ಆತನು ಅದನ್ನು ಯಾವ ಪಂಕ್ತಿಯಲ್ಲಿ ಕೂಡ್ರಿಸುತ್ತಿದ್ದನೋ ಹೇಳುವದು ಕಷ್ಟ. ತಂತಿಯಿರುವದರಿಂದ ಅದು ತತವಾಗಬೇಕು. ತೊಗಲಿನ ಹೊದಿಕೆಯಿರುವದರಿಂದ ಅವನದ್ಧವಾಗಬೇಕು. ಜಗತ್ತಿನ ವಾದ್ಯಗಳನ್ನೆಲ್ಲ 1914ರಲ್ಲಿ ಹೊಸದಾಗಿ ವರ್ಗೀಕರಿಸಿದ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ಪಂಡಿತರು ಈ ಜಾತಿಯ ವಾದ್ಯಗಳನ್ನು ‘ಮೀಟುವ ಚರ್ಮವಾದ್ಯ’ಗಳೆಂದು ಕರೆದು ಮೃದಂಗ ನಗಾರಿಗಳ ನೆರೆಯಲ್ಲಿ ಇಟ್ಟರು, ಅವರ ತರುವಾಯದ ಕೆಲವರು, ಅಲ್ಲ, ಇವು ತಂತಿವಾದ್ಯಗಳೇ ಎಂದು ವಾದ ಹೂಡಿದರು. ಪಂಡಿತರ ಈ ವ್ಯಾಜ್ಯವು ತೀರುವ ವರೆಗೆ ಕಾಯದೆ ಚೌಡಿಕೆಯು ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿಯಲ್ಲಿ ತನ್ನಷ್ಟಕ್ಕೆ ತಾನು ನುಡಿಯುತ್ತ ಬಂದಿದೆ.

ಅದರ ರಚನೆಯು ಬಹಳ ಸಾದಾ. ಕೊಳಗದಂತಹ ಒಂದು ಟೊಳ್ಳು ಕಟ್ಟಿಗೆ. ಅದರ ಒಂದು ಬಾಯಿಗೆ ಬಿಗಿದ ತೊಗಲು. ಪಕ್ಕಕ್ಕೆ ಜಡಿದ ಒಂದು ಕೋಲು. ತೊಗಲಿನ ನಡುವಿನಿಂದ ಹೊರಟು ಟೊಳ್ಳಿನೊಳಗೆ ಹಾಯ್ದು ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡ ಒಂದೇ ಒಂದು ತಂತಿ. ವಾದ್ಯವನ್ನು ಬಗಲಲ್ಲಿ ಇರುಕಿಕೊಂಡು ಸಣ್ಣ ಕಡ್ಡಿಯಿಂದ ತಂತಿಯನ್ನು ಮಿಡಿಯುವರು. ಸಿತಾರಕ್ಕೆ ಇರುವಂತೆ ಪಡದೆಗಳಿಲ್ಲ, ಸ್ವರಸ್ಥಾನಗಳ ಗುರುತಿಲ್ಲ. ತಂತಿಯ ಬಿಗುವು ಹೆಚ್ಚಿದಂತೆ ಸ್ವರವು ಏರುವದು, ಸಡಿಲಾದಂತೆ ಇಳಿಯುವದು. ಬಿಗುವು ನಾಲ್ಮಡಿಯಾದರೆ ಸ್ವರವು ಒಂದು ಸಪ್ತಕ ಮೇಲಕ್ಕೆ ಹೋಗುವದೆಂಬ ನಿಯಮವನ್ನು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿಯು 1636ರ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಜೋಗತಿಯ ಕೈಗೆ ಆ ನಿಯಮವು ಗ್ರಂಥದ ಹಂಗಿಲ್ಲದೆ ಗೊತ್ತು.

ಅಣ್ಣಿಗೇರಿಯಲ್ಲಿ ಹಿಂಗಾರಿ ಜೋಳ ಕಡಲೆಗಳು ಕೈಗೆ ಬರುವ ಮಾಘಮಾಸದ ಒಂದು ಮಂಗಳವಾರ. ಭಾರತ ಹುಣ್ಣಿಮೆಯು ಹತ್ತಿರ ಬಂದಿದ್ದಿತು. ಅಮೃತೇಶ್ವರನ ಗುಡಿಯಿಂದ ಬಹಳ ದೂರವಲ್ಲದ ಒಂದು ಮನೆಯ ಕಟ್ಟೆಯ ಮೇಲೆ, ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದು ಹತ್ತು ದಿನದ ರಜೆಯ ಮೇಲೆ ಬಂದಿದ್ದ ಒಬ್ಬ ತರುಣನು ತನ್ನ ಲ್ಯಾಪ್‌ಟಾಪನ್ನೂ ಒಂದು ಧ್ವನಿಗ್ರಾಹಕವನ್ನೂ ಹೂಡಿಕೊಂಡು ಕುಳಿತಿದ್ದನು. ಮಂಗಳವಾರ, ಶುಕ್ರವಾರ ಆ ಓಣಿಗೆ ಒಬ್ಬ ಮುದುಕಿಯು ಪಡ್ಡಲಗಿಯನ್ನು ಹೊತ್ತು ಜೋಗಕ್ಕೆ ಬರುವ ವಾಡಿಕೆ. ಅವಳ ಹಿಂದೆ ತಾಳ ಹಿಡಿದ ಇನ್ನೊಬ್ಬಳು. ತರುಣನು ಕೂಸಾಗಿದ್ದಾಗಿನಿಂದಲೂ ಆ ಮನೆಯ ಆಯಿಯು ಅವಳ ಪಡ್ಡಲಗಿಗೆ ಜೋಳ ನೀಡಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಬಂದವಳು. ಆ ‘ಡುಂಯ್’ ಎಂಬ ನಾದವು ತರುಣನ ಕಿವಿಯಲ್ಲಿ ಎಲ್ಲಿಯೋ ಉಳಿದಿದ್ದಿತು. ಅದನ್ನು ಸ್ವರಲಿಪಿಯಾಗಿ ಗಣಕಯಂತ್ರದಲ್ಲಿ ಇಳಿಸಿಕೊಳ್ಳಬೇಕೆಂಬದು ಅವನ ಹಂಬಲ.

ಹಂಬಲಕ್ಕೆ ಕಾರಣವೂ ಇದ್ದಿತು. ಆ ಮುದುಕಿಯ ತರುವಾಯ ಚೌಡಿಕೆಯನ್ನು ಹಿಡಿಯುವವರು ಅವಳ ಮನೆಯಲ್ಲಿ ಯಾರೂ ಇಲ್ಲ. ಮಗಳು ಬೇಡವೆಂದಳು, ತಾಯಿಯೂ ಬೇಡವೆಂದಳು. ಇಬ್ಬರೂ ಬೇಡವೆಂದದ್ದು ಸರಿಯೇ ಆಯಿತು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಅವರ ಬಾಳನ್ನು ಕೆಡಿಸುವ ರೂಢಿಯನ್ನು ತಡೆಯಲು ಮುಂಬಯಿ ಸರಕಾರವು 1934ರಲ್ಲಿ ಒಂದು ಕಾಯದೆಯನ್ನೂ, ಕರ್ನಾಟಕ ಸರಕಾರವು 1982ರಲ್ಲಿ ಇನ್ನೂ ಕಟುವಾದ ಮತ್ತೊಂದನ್ನೂ ಮಾಡಬೇಕಾಯಿತು. ಕಟ್ಟಿದ ಮುತ್ತು ಹರಿಯಲಿ. ಆದರೆ ಅದರ ಕೂಡ ತಂತಿಯೂ ಹರಿಯಬೇಕೆ? ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ದೊರೆತಾಗ ಈ ಕಲೆಯನ್ನು ಕಲೆಯೆಂದೇ ನೋಡುವ ಬಾಗಿಲೊಂದು ತೆರೆದಂತಾಯಿತು. ಆದರೆ ಬಾಗಿಲು ತೆರೆದಾಗ ಒಳಗೆ ಬರುವವರು ಬದುಕಿರಬೇಕಲ್ಲವೆ? ಅಣ್ಣಿಗೇರಿಯ ಆ ಮುದುಕಿಗೆ ಎಪ್ಪತ್ತು ದಾಟಿದ್ದವು. ಎಲ್ಲಮ್ಮನ ವಾರವಲ್ಲದ ದಿವಸ ಅವಳು ಚೌಡಿಕೆಯನ್ನು ಮುಟ್ಟುವವಳಲ್ಲ. ಆದುದರಿಂದ ತರುಣನ ರಜೆಯೊಳಗೆ ಉಳಿದ ಅವಕಾಶಗಳು ಎರಡೇ: ಆ ಮಂಗಳವಾರ ಮತ್ತು ಮುಂದಿನ ಶುಕ್ರವಾರ.

ಯಂತ್ರಗಳು ಒಂದಕ್ಕೊಂದು ಸ್ವರವನ್ನು ತಿಳಿಸಿಕೊಳ್ಳಲು ಒಂದು ಭಾಷೆಯುಂಟು. ಅದರ ಹೆಸರು ‘ಮಿಡಿ.’ ಇಂಗ್ಲೀಷಿನ ನಾಲ್ಕು ಮೊದಲಕ್ಷರಗಳನ್ನು ಕೂಡಿಸಿದ್ದರಿಂದ ಆದ ಹೆಸರಿದು. ಕನ್ನಡದ ‘ಮಿಡಿ’ಗೂ ಇದಕ್ಕೂ ನಂಟಿಲ್ಲ. ಆದರೂ ತಂತಿಯನ್ನು ಮಿಡಿಯುವವರ ನಾಡಿನಲ್ಲಿ ಇಂಥ ಹೆಸರು ಬಂದು ನಿಂತಾಗ ಕಿವಿಯು ನಿಮಿರದೆ ಇರದು. ಅಮೇರಿಕೆಯ ಡೇವ್ ಸ್ಮಿಥ್, ಜಪಾನದ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಳಕೆಗೆ ಬಂದ ಈ ಭಾಷೆಯು ಹುಟ್ಟಿದ್ದು ಕೀಲಿಮಣೆಯ ವಾದ್ಯಗಳ ಮನೆಯಲ್ಲಿ. ಅದರಲ್ಲಿ ಸ್ವರಗಳಿಗೆ ಹೆಸರಿಲ್ಲ, 0ಯಿಂದ 127ರ ವರೆಗೆ ಅಂಕೆಗಳಿವೆ. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರಕ್ಕೆ 69 ಎಂಬ ಅಂಕೆ. ಅದರ ಮೇಲಿನ ಅರ್ಧಸ್ವರಕ್ಕೆ 70. ನಡುವೆ ಏನೂ ಇಲ್ಲ. ನಡುವೆ ಏನಾದರೂ ಬೇಕಾದರೆ ‘ಬಾಗು’ ಎಂಬ ಬೇರೊಂದು ಆಜ್ಞೆಯನ್ನು ಕೊಡಬೇಕು. ವಾದ್ಯದ ನಾದವನ್ನು ಕೇಳಿ ಅದರ ಕಂಪನಗಳನ್ನು ಎಣಿಸಿ ಈ ಅಂಕೆಗಳಾಗಿ ಮಾರ್ಪಡಿಸುವ ಸಾಧನಗಳು ಗಿಟಾರದಂತಹ ವಾದ್ಯಗಳ ಸಲುವಾಗಿ ಬಹು ದಿನದಿಂದ ಸಿದ್ಧವಾಗಿವೆ. ಗಿಟಾರದಲ್ಲಿ ನಡೆದದ್ದು ಚೌಡಿಕೆಯಲ್ಲಿಯೂ ನಡೆದೀತೆಂದು ತರುಣನು ನಂಬಿದ್ದನು.

ಮುದುಕಿಯು ಒಂದು ಪದವನ್ನು ನುಡಿಸಿ ಹಾಡಿದಳು. ತರುಣನು ಗುಂಡಿಯನ್ನು ಒತ್ತಿದನು. ಯಂತ್ರವು ತಾನು ಬರೆದುಕೊಂಡದ್ದನ್ನು ಪಿಯಾನೋದ ನಾದದಲ್ಲಿ ಓದಿ ಹೇಳಿತು. ಅದೊಂದು ಅನಾಹುತ! ಇಪ್ಪತ್ತು ಸಲ ಮಿಡಿದಲ್ಲಿ ನೂರು ಸ್ವರಗಳು ಉದುರಿದವು. ಕೆಳಗಿನ ಸಪ್ತಕದಲ್ಲಿ ಇರಬೇಕಾದದ್ದು ತಟಕ್ಕನೆ ಮೇಲಕ್ಕೆ ಹಾರಿ ಮತ್ತೆ ಬೀಳುತ್ತಿತ್ತು. ತಾಳದ ಕಿಣಿಕಿಣಿಯೂ ಸ್ವರವಾಗಿ ನಡುನಡುವೆ ಸಿಡಿಯುತ್ತಿತ್ತು. ಮುದುಕಿಯು ಸ್ವಲ್ಪ ಹೊತ್ತು ಕೇಳಿ, “ಇದು ನಂದಲ್ಲ ಬಿಡೋ ತಮ್ಮಾ,” ಎಂದು ನಕ್ಕಳು. ತರುಣನು ಪರದೆಯ ಮೇಲಿನ ಅಂಕೆಗಳನ್ನು ನೋಡುತ್ತ, ತಲೆಯೆತ್ತದೆ, “ಮಷಿನ್ ಸುಳ್ಳ ಹೇಳೂದಿಲ್ಲ ಯವ್ವಾ. ನಿನ್ನ ಚೌಡಿಕಿ ಶ್ರುತಿಯೊಳಗ ಇಲ್ಲ,” ಎಂದುಬಿಟ್ಟನು.

ಮುದುಕಿಯ ನಗೆಯು ನಿಂತಿತು. “ಐವತ್ತು ವರ್ಷ ತಾಯಿ ಮುಂದ ಶ್ರುತಿ ಇಲ್ಲದ ಬಾರಿಸೀನೇನು?” ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಆಯಿಯು ಒಳಗಿನಿಂದ ಚಹದ ಬಟ್ಟಲನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಪಡ್ಡಲಗಿಯು ಓಣಿಯ ತಿರುವಿನಲ್ಲಿ ಮರೆಯಾಗಿತ್ತು.

ಆಯಿಯು ಶಾಲೆಯ ಮೆಟ್ಟಿಲನ್ನು ಬಹಳ ಹತ್ತಿದವಳಲ್ಲ. ಆದರೂ ಆ ಹೊತ್ತು ಅವಳು ಆಡಿದ ಮಾತಿಗೆ ತರ್ಕಶಾಸ್ತ್ರದ ಬಲವಿದ್ದಿತು. “ಸೇರು ತೂತು ಇದ್ರ ರಾಶಿಗೆ ಬೈತಾರೇನೋ? ನಿನ್ನ ಸೇರು ತಿರಿವಿ ನೋಡು ಮೊದಲ,” ಎಂದಳು.

ತರುಣನಿಗೆ ಅಂದು ರಾತ್ರಿ ಊಟ ರುಚಿಸಲಿಲ್ಲ. ಧ್ವನಿಮುದ್ರಣವು ಇದ್ದೇ ಇದ್ದಿತು. ಸ್ವರವನ್ನು ಅಂಕೆಯಾಗಿ ಕತ್ತರಿಸದೆ, ಏರಿಳಿತವನ್ನು ಒಂದು ಗೆರೆಯಾಗಿ ಎಳೆದು ತೋರಿಸುವ ಬೇರೊಂದು ಸಾಧನವು ಅವನಿಗೆ ನೆನಪಾಯಿತು. ಅದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಬೋರ್ಸ್ಮಾ, ವೇನಿಂಕ್ ಎಂಬಿಬ್ಬರು ಭಾಷಾಶಾಸ್ತ್ರಕ್ಕಾಗಿ ಮಾಡಿದ್ದು. ಹೆಸರು ‘ಪ್ರಾಟ್,’ ಅಂದರೆ ಅವರ ಭಾಷೆಯಲ್ಲಿ ‘ಮಾತಾಡು’ ಎಂದರ್ಥ. ದುಡ್ಡಿಲ್ಲದೆ ಯಾರಿಗೂ ದೊರೆಯುತ್ತದೆ. ತಾಳವು ಸುಮ್ಮನಿದ್ದ ಕೆಲವು ತುಣುಕುಗಳನ್ನು ಆರಿಸಿ ಅವನು ಅದರಲ್ಲಿ ಹಾಕಿದನು. ಪರದೆಯ ಮೇಲೆ ಗೆರೆಗಳು ಮೂಡಿದವು. ಒಂದೇ ಪಲ್ಲವಿಯ ತುದಿಯಲ್ಲಿ ಮುದುಕಿಯು ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಜಗ್ಗುವ ಒಂದು ಎಡೆಯು ನಾಲ್ಕು ಸಲ ಬಂದಿತ್ತು. ನಾಲ್ಕು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದನು. ನಾಲ್ಕೂ ಒಂದೇ ಬಾಗಿನಿಂದ ಏರಿ ಒಂದೇ ಎತ್ತರದಲ್ಲಿ ನಿಂತಿದ್ದವು! ಆ ಎತ್ತರವು ಅವಳ ಕಂಠದ ಪಂಚಮಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂಡಿಕೊಂಡಿದ್ದಿತು.

ಧ್ರುವವೀಣೆ ಚಲವೀಣೆಗಳ ಪ್ರಯೋಗವನ್ನು ನಾಟ್ಯಶಾಸ್ತ್ರದಲ್ಲಿ ಓದಿದವರಿಗೆ ಇಲ್ಲಿ ನಡೆದದ್ದೇನೆಂಬದು ಕೂಡಲೆ ಹೊಳೆದೀತು. ಎರಡು ವೀಣೆಗಳನ್ನು ಸರಿಸಮನಾಗಿ ಶ್ರುತಿಮಾಡಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ನಿಂತದ್ದರ ಆಶ್ರಯದಿಂದ ಚಲಿಸುವದನ್ನು ಅಳೆಯಬೇಕೆಂದು ಭರತನು ಹೇಳಿದ್ದಾನೆ. ಇಪ್ಪತ್ತೆರಡು ಶ್ರುತಿಗಳ ಲೆಕ್ಕವು ಹುಟ್ಟಿದ್ದು ಆ ದಾರಿಯಿಂದ. ಮುದುಕಿಯ ಕಂಠವು ಧ್ರುವವೀಣೆ, ಚೌಡಿಕೆಯು ಚಲವೀಣೆ. ತರುಣನ ಯಂತ್ರವಾದರೋ ಈ ಎರಡನ್ನೂ ಬಿಟ್ಟು ಯಾವುದೋ ಮೂರನೆಯ ವೀಣೆಯನ್ನು ಧ್ರುವವೆಂದು ನಂಬಿಕೊಂಡಿತ್ತು.

ಅದನ್ನು ಅವನು ಮರುದಿವಸ ಕಂಡುಕೊಂಡನು. ಮುದುಕಿಯ ಷಡ್ಜವು ಸೆಕೆಂಡಿಗೆ 214 ಕಂಪನಗಳ ಹತ್ತಿರ ನಿಂತಿದ್ದಿತು. ಚೌಡಿಕೆಯ ಬಿಡಿತಂತಿಯು ಅದರ ಅರ್ಧ, 107. ಕೀಲಿಮಣೆಯ ಲೆಕ್ಕದಲ್ಲಿ ಒಂದು ಮನೆಯು 104ಕ್ಕೆ, ಮುಂದಿನದು 110ಕ್ಕೆ. ಅಂದರೆ ಅವಳ ಷಡ್ಜವು ಎರಡು ಮನೆಗಳ ನಡುಗೋಡೆಯ ಮೇಲೆಯೇ ಕುಳಿತಿತ್ತು. ಎಲ್ಲವನ್ನೂ ಹತ್ತಿರದ ಮನೆಗೆ ದೂಡುವ ಯಂತ್ರವು, ತಂತಿಯು ಎಳ್ಳಷ್ಟು ಅಲುಗಿದರೆ ಈಚೆಗೆ, ಮತ್ತಷ್ಟು ಅಲುಗಿದರೆ ಆಚೆಗೆ ಎಂದು ಒಂದೇ ಸ್ವರವನ್ನು ಐದಾರು ಸ್ವರಗಳಾಗಿ ಪುಡಿಮಾಡಿತ್ತು. ಇಪ್ಪತ್ತು ನೂರಾದದ್ದು ಹೀಗೆ. ಇದೇ ಕಾರಣಕ್ಕೆ ಹಾರ್ಮೋನಿಯಮ್ ಪೆಟ್ಟಿಗೆಯ ಮೇಲೆ ಒಂದು ಕಾಲದಲ್ಲಿ ದೊಡ್ಡ ಯುದ್ಧವೇ ನಡೆಯಿತು. ಮನೆಯಿಂದ ಮನೆಗೆ ಜಿಗಿಯುವ ಪೆಟ್ಟಿಗೆಗೆ ಮೀಂಡ ಬಾರದೆಂದು ಆಕ್ಷೇಪಿಸಿ ಆಕಾಶವಾಣಿಯು ಅದನ್ನು 1940ರಲ್ಲಿ ಹೊರಗಿಟ್ಟಿತು. 1971ರ ವರೆಗೆ ಬಾಗಿಲು ತೆರೆಯಲಿಲ್ಲ. ಹುಬ್ಬಳ್ಳಿ-ಗದುಗಿನ ನಡುವೆ ಹುಟ್ಟಿ ಬೆಳೆದವರ ಮನೆಗಳಲ್ಲಿ ಆ ಪೆಟ್ಟಿಗೆಯು ಬಹಿಷ್ಕಾರವನ್ನು ಲೆಕ್ಕಿಸದೆ ಹಾಡುಗಾರರ ಬೆನ್ನಿಗೆ ನಿಂತೇ ಇದ್ದಿತೆಂಬದು ಬೇರೆ ಮಾತು. ಆದರೆ ಪೆಟ್ಟಿಗೆಯು ಹಾಡಿನ ಹಿಂದೆ ನಡೆಯುವದು ಬೇರೆ, ಹಾಡನ್ನು ತಾನೇ ಬರೆದಿಡುವದು ಬೇರೆ.

ಷಡ್ಜವನ್ನು 214ಕ್ಕೆ ತಿರುಗಿಸಿ, ‘ಬಾಗು’ ಆಜ್ಞೆಯನ್ನು ಚಾಲೂ ಮಾಡಿ, ತರುಣನು ಇನ್ನೊಮ್ಮೆ ಕೇಳಿದನು. ಪುಡಿಯಾಗುವದು ನಿಂತಿತು. ಆದರೆ ಈಗ ಮತ್ತೊಂದು ವಿಕಾರ. ಷಡ್ಜದಿಂದ ಪಂಚಮಕ್ಕೆ ಏರಬೇಕಾದ ಆ ಜಗ್ಗುವಿಕೆಯು ರಿಷಭದ ಆಸುಪಾಸಿನಲ್ಲಿಯೇ ಸೋತು ನಿಂತುಬಿಡುತ್ತಿತ್ತು. ಗೆರೆಯು ಪಂಚಮವನ್ನು ಮುಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದನು. ಕಿವಿಯಲ್ಲಿ ಮಾತ್ರ ಅದು ಕುಂಟುತ್ತಿತ್ತು. ಇಡೀ ಬುಧವಾರವು ಇದರಲ್ಲಿಯೇ ಹೋಯಿತು.

ದೋಷವು ಸಿಕ್ಕ ಮೇಲೆ ನಗುವಂಥದು. ಕೇಳಿ ಬರೆಯುವ ಯಂತ್ರವು ಒಂದು, ಓದಿ ನುಡಿಯುವ ಯಂತ್ರವು ಇನ್ನೊಂದು. ‘ಬಾಗು’ ಆಜ್ಞೆಯಲ್ಲಿ 16,384 ಹಂತಗಳಿವೆ. ಆದರೆ ಆ ಹಂತಗಳೆಲ್ಲ ಕೂಡಿ ಎಷ್ಟು ಅಂತರವೆಂಬದನ್ನು ಆಜ್ಞೆಯು ಹೇಳುವದಿಲ್ಲ, ಅದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಬರೆಯುವ ಯಂತ್ರವು ಅದು ಮೇಲಕ್ಕೆ ಹನ್ನೆರಡು ಅರ್ಧಸ್ವರ, ಕೆಳಕ್ಕೆ ಹನ್ನೆರಡು ಎಂದು ತಿಳಿದಿತ್ತು. ಓದುವದು ಸಾಮಾನ್ಯ ರೂಢಿಯಂತೆ ಎರಡೆರಡೇ ಎಂದು ತಿಳಿದಿತ್ತು. ಅಂದ ಮೇಲೆ ಹೇಳಿದ್ದರ ಆರನೆಯ ಒಂದು ಪಾಲಷ್ಟೇ ಮುಟ್ಟುತ್ತಿದ್ದಿತು. ಪಂಚಮಕ್ಕೆ ಏಳು ಅರ್ಧಸ್ವರ ಏರಬೇಕಾದಲ್ಲಿ ಒಂದಕ್ಕಿಂತ ತುಸು ಹೆಚ್ಚು ಏರಿ ನಿಂತದ್ದು ಇದರಿಂದ. ಒಬ್ಬನು ದೊಡ್ಡ ಸೇರಿನಿಂದ ಅಳೆದು ಇಷ್ಟು ಸೇರೆಂದು ಹೇಳಿಕಳಿಸಿದರೆ, ಇನ್ನೊಬ್ಬನು ಮನೆಯ ಸಣ್ಣ ಸೇರಿನಿಂದ ಅಷ್ಟನ್ನೇ ಅಳೆದುಕೊಂಡಂತಾಯಿತು. ತರುಣನು ಎರಡೂ ಕಡೆಗೆ ಹನ್ನೆರಡೆಂದು ಬರೆದನು. ಗೆರೆಯು ನಾದವಾಗಿ ಪಂಚಮಕ್ಕೆ ಹೋಗಿ ಮುಟ್ಟಿತು. ಆಯಿಯು ಅಡಿಗೆಮನೆಯಿಂದಲೇ, “ಹಾಂ, ಈಗ ಆಕೀದು,” ಎಂದಳು.

ಉಳಿದದ್ದು ಸಪ್ತಕದ ಹಾರಾಟ ಮತ್ತು ತಾಳದ ಉಪದ್ರವ. ಇದರ ಬೇರು ವಾದ್ಯದ ಸ್ವಭಾವದಲ್ಲಿಯೇ ಇದೆ. ತಬಲಾ, ಮೃದಂಗಗಳ ತೊಗಲಿಗೆ ನಡುವೆ ಕರಣೆಯನ್ನು ಹಾಕುವರು. ಆ ಕಪ್ಪು ಲೇಪದ ಭಾರದಿಂದಲೇ ತೊಗಲಿನ ಉಪಸ್ವರಗಳು ಒಂದು, ಎರಡು, ಮೂರೆಂದು ತಂತಿಯ ಉಪಸ್ವರಗಳಂತೆ ಕ್ರಮವಾಗಿ ನಿಲ್ಲುವವೆಂದು ಚಂದ್ರಶೇಖರ ವೆಂಕಟರಾಮನ್ನರು 1920ರಲ್ಲಿ ತೋರಿಸಿಕೊಟ್ಟರು. ಲೇಪವಿಲ್ಲದ ಬರಿಯ ತೊಗಲಿನ ಉಪಸ್ವರಗಳು ಒಂದೂವರೆಗಿಂತ ತುಸು ಹೆಚ್ಚು, ಎರಡಕ್ಕಿಂತ ತುಸು ಹೆಚ್ಚು ಎಂದು ಅಡ್ಡಾದಿಡ್ಡಿಯಾಗಿರುವವು. ಚೌಡಿಕೆಯ ತೊಗಲಿಗೆ ಕರಣೆಯಿಲ್ಲ. ಮಿಡಿದ ಕೂಡಲೆ ತೊಗಲು ಒಂದು ‘ಧಪ್’ ಎಂದು ತನ್ನ ಮಾತನ್ನು ಆಡುವದು; ಅದರ ಗದ್ದಲವು ಅಡಗಿದ ಮೇಲೆ ತಂತಿಯ ಮಾತು ಸ್ಪಷ್ಟವಾಗುವದು. ಅದಲ್ಲದೆ ಜೋರಾಗಿ ಮಿಡಿದ ತಂತಿಯು ಹಿಗ್ಗಿ ಮೊದಲ ಕ್ಷಣದಲ್ಲಿ ತುಸು ಮೇಲಿನಿಂದ ಆರಂಭಿಸಿ ತನ್ನ ನೆಲೆಗೆ ಇಳಿಯುವದು. 107 ಕಂಪನದ ಸ್ವರವನ್ನು ಗುರುತಿಸಲು ಕೊನೆಗೆ ಎರಡು ಸುತ್ತನ್ನಾದರೂ ಕೇಳಬೇಕು. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಹತ್ತೊಂಬತ್ತು ಪಾಲು ಹಿಡಿಯುವದು. ಯಂತ್ರಕ್ಕೆ ಅವಸರ, ಅದು ತೊಗಲಿನ ಮಾತನ್ನೇ ಕೇಳಿ ತೀರ್ಪು ಕೊಡುತ್ತಿತ್ತು.

‘ಧಪ್’ ಎಂಬದು ಕೆಳಗಿನ ನಾದ. ಅದನ್ನು ಸೋಸಿದರಾಯಿತೆಂದು ತರುಣನು ಕೆಳಗಿನ ಕಂಪನಗಳನ್ನೆಲ್ಲ ಕತ್ತರಿಸಿದನು. ಹಾರಾಟವು ಇನ್ನೂ ಹೆಚ್ಚಿತು! ಯಾಕಂದರೆ ತೊಗಲಿನ ಕೂಡ ತಂತಿಯ ಮೂಲಸ್ವರವೂ ಕತ್ತರಿಸಿಹೋಗಿ, ಮೇಲಿನ ಸಪ್ತಕದ ಉಪಸ್ವರವೇ ಯಜಮಾನನಾಗಿ ಕುಳಿತಿತು. ಕೆಳಗಿನದನ್ನು ಉಳಿಸಿ ಮೇಲಿನದನ್ನು ತಗ್ಗಿಸಿದಾಗ ಸ್ವಲ್ಪ ಸುಧಾರಿಸಿತು. ಬಿಡಿತಂತಿಯ ಕೆಳಗೂ, ಅವಳು ಏರುವ ಕೊನೆಯ ಸ್ವರದ ಮೇಲೂ ಹುಡುಕಬೇಡವೆಂದು ಎರಡು ಎಲ್ಲೆಗಳನ್ನು ಹಾಕಿದಾಗ ಇನ್ನೂ ಸುಧಾರಿಸಿತು. ಪ್ರತಿ ಮಿಡಿತದ ಮೊದಲ ಮೂವತ್ತು ಸಾವಿರಾಂಶಗಳನ್ನು ಕೇಳಿಯೂ ಕೇಳದಂತೆ ಇರೆಂದು ಹೇಳಿದ ಮೇಲೆ ಯಂತ್ರಕ್ಕೆ ಬುದ್ಧಿ ಬಂದಿತು. ಬರೆಹವು ಅಷ್ಟು ತಡವಾಗುವದು ನಿಜ. ಜೊತೆಗೆ ನುಡಿಸುವವರಿಗೆ ಅದು ತೊಡಕಾದೀತು, ಬರೆದಿಡುವವನಿಗೆ ತೊಡಕಿಲ್ಲ.

ತಾಳವೂ ಕಂಠವೂ ಕೂಡಿದ ಮುದ್ರಣದಿಂದ ತಂತಿಯನ್ನು ಬೇರ್ಪಡಿಸುವದು ಮಾತ್ರ ಆಗಲಿಲ್ಲ. ಅದಕ್ಕೆ ಗಾಳಿಯ ಮೂಲಕ ಕೇಳದೆ ವಾದ್ಯದ ಮೈಯನ್ನೇ ಮುಟ್ಟಿ ಕೇಳುವ ಸಾಧನವು ಬೇಕು. ಗುರುವಾರ ಅವನು ರೈಲಿನಿಂದ ಹುಬ್ಬಳ್ಳಿಗೆ ಹೋಗಿ ವಿದ್ಯುತ್‌ಸಾಮಾನಿನ ಅಂಗಡಿಯಿಂದ ಪಿಯೆಝೋ ಎಂಬ ಹಿತ್ತಾಳೆಯ ಬಿಲ್ಲೆಗಳನ್ನು ತಂದನು. ಕೆಲವು ಹರಳುಗಳು ಒತ್ತಿದರೆ ವಿದ್ಯುತ್ತನ್ನು ಕೊಡುವವೆಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದದ್ದು ಈ ಬಿಲ್ಲೆಯೊಳಗೆ ಅಡಗಿದೆ. ಪರೀಕ್ಷೆಗೆ ಚೌಡಿಕೆಯಿರಲಿಲ್ಲ. ಎಣ್ಣೆಯ ಡಬ್ಬಿಯೊಂದಕ್ಕೆ ಕೋಲನ್ನೂ ತಂತಿಯನ್ನೂ ಕಟ್ಟಿ ಹಿತ್ತಲಲ್ಲಿ ಕುಳಿತು ಅವನು ಡುಂಯ್‌ಗುಡಿಸತೊಡಗಿದಾಗ ನೆರೆಮನೆಯ ಹುಡುಗರೆಲ್ಲ ಗೋಡೆಯ ಮೇಲೆ ನೆರೆದರು. “ಎಲ್ಲಮ್ಮ ನಿನ್ನ ಮೈಮ್ಯಾಲ ಬಂದಾಳೇನೋ!” ಎಂದು ಆಯಿಯು ನಕ್ಕಳು.

ಬಿಲ್ಲೆಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರೆ ಅದರ ಭಾರಕ್ಕೆ ನಾದವೇ ಬದಲಾಗಿ ‘ಧಪ್’ ಮುಂದೆ ಬರುವದು. ಕೋಲಿನ ತುದಿಗೆ, ಬಿರಡೆಯ ಬುಡದಲ್ಲಿ ಅಂಟಿಸಿದರೆ ತಂತಿಯ ನಾದವೇ ಮುಂದಾಗುವದು. ಆದರೆ ಬಿಲ್ಲೆಯ ತಂತಿಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸೇರಿಸಿದಾಗ ನಾದವು ತಗಡಿನಂತೆ ತೆಳ್ಳಗಾಗಿ ಕೆಳಸ್ವರವು ಮತ್ತೆ ಮಾಯವಾಯಿತು. ಈ ಬಿಲ್ಲೆಯು ಬಲು ಬಡಪ್ರಾಣಿ. ಮುಂದಿನ ಯಂತ್ರವು ಅದರಿಂದ ತುಸು ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡರೂ ಮೊದಲು ಬತ್ತುವದು ಕೆಳಗಿನ ಕಂಪನವೇ. ನಡುವೆ ಹತ್ತು ಲಕ್ಷ ಓಮ್‌ಗಳಷ್ಟು ತಡೆಯುಳ್ಳ ಒಂದು ವರ್ಧಕವು ಬೇಕೆಂದು ತಿಳಿದು, ಗಿಟಾರವಿದ್ದ ಒಬ್ಬ ಗೆಳೆಯನಿಂದ ಅದನ್ನು ಎರವಲು ತಂದದ್ದಾಯಿತು. ಸಿತಾರವಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅದರ ತರಫಿನ ತಂತಿಗಳೆಲ್ಲ ತಾವೇ ಅನುರಣಿಸಿ ಯಂತ್ರದ ಕಿವಿಯಲ್ಲಿ ಜಾತ್ರೆಯನ್ನೇ ನೆರೆಸುತ್ತಿದ್ದವು. ಒಂದೇ ತಂತಿಯ ಬಡತನವು ಇಲ್ಲಿ ಉಪಕಾರಕ್ಕೆ ಬಂದಿತು.

ಯಂತ್ರವು ಶುಕ್ರವಾರಕ್ಕೆ ಸಿದ್ಧವಾಯಿತು. ಮುದುಕಿಯು ಬರುವಳೆಂಬ ನೆಚ್ಚಿಗೆಯಿರಲಿಲ್ಲ. ಹೊತ್ತು ಏರಿದರೂ ಓಣಿಯಲ್ಲಿ ಚೌಡಿಕೆಯ ಸದ್ದಿಲ್ಲ. ಆಯಿಯು ಸೆರಗಿನಲ್ಲಿ ಒಂದು ಸೇರು ಜೋಳವನ್ನು ಕಟ್ಟಿಕೊಂಡು, “ನಡಿ,” ಎಂದಳು. ಜೋಗವನ್ನು ಮನೆಯ ಬಾಗಿಲಲ್ಲಿ ನೀಡುವದು ರೂಢಿ; ಜೋಗತಿಯ ಮನೆಯ ವರೆಗೆ ಹೊತ್ತುಕೊಂಡು ಹೋದವರನ್ನು ಅಣ್ಣಿಗೇರಿಯಲ್ಲಿ ಬಹಳ ಜನ ಕಂಡಿರಲಾರರು.

ಮುದುಕಿಯು ತನ್ನ ಮನೆಯ ಮುಂದೆ ಬಿಸಿಲಿಗೆ ಬೆನ್ನುಮಾಡಿ ಕುಳಿತಿದ್ದಳು. ಚೌಡಿಕೆಯು ಪಕ್ಕದಲ್ಲಿ ಕವುಚಿ ಬಿದ್ದಿತ್ತು. ಆಯಿಯನ್ನು ಕಂಡು ಏಳಹೋದವಳನ್ನು ತಡೆದು ತರುಣನು ಅವಳ ಮುಂದೆ ನೆಲದ ಮೇಲೆಯೇ ಕುಳಿತನು.

“ತಪ್ಪಾತು ಯವ್ವಾ. ನಿನ್ನ ಚೌಡಿಕಿ ಶ್ರುತಿಯೊಳಗ ಐತಿ. ನನ್ನ ಮಷಿನ್ನೇ ಇರಲಿಲ್ಲ.”

ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. “ಮೂರು ದಿನ ಆತು, ಇದನ್ನ ಮುಟ್ಟಿಲ್ಲ,” ಎಂದಳು ಕಡೆಗೆ. “ಖರೇನ ಕೆಟ್ಟೈತೇನೋ ಅಂತ ಅಂಜಿಕಿ ಬಂತು. ನಮ್ಮ ಅವ್ವ ಇದ್ದಿದ್ರ ಕೇಳತಿದ್ದೆ. ಯಾರನ್ನ ಕೇಳ್ಲಿ?”

ತರುಣನು ಲ್ಯಾಪ್‌ಟಾಪನ್ನು ತೆರೆದು ನಾಲ್ಕು ಗೆರೆಗಳನ್ನು ತೋರಿಸಿದನು. ಗೆರೆಯನ್ನು ಓದುವ ಅಭ್ಯಾಸವು ಅವಳಿಗೆಲ್ಲಿಂದ ಬರಬೇಕು? ಆದರೆ ಬೆರಳಿನಿಂದ ಆ ಬಾಗನ್ನು ಗಾಳಿಯಲ್ಲಿ ಒಮ್ಮೆ ಎಳೆದು ನೋಡಿ, ಗಂಟಲಿನಲ್ಲಿಯೇ ಅದನ್ನು ಗುನುಗಿ, “ಹೌದು, ಇದು ಅಲ್ಲಿ ಬರೂದು,” ಎಂದು ಪದದ ಆ ಎಡೆಯನ್ನು ತಪ್ಪದೆ ಹೇಳಿದಳು. ಬಳಿಕ ಚೌಡಿಕೆಯನ್ನು ಮೇಲಕ್ಕೆತ್ತಿ ತೊಗಲನ್ನು ಬಿಸಿಲಿಗೆ ತಿರುಗಿಸಿ ಹಿಡಿದಳು. ಇಬ್ಬನಿಯ ಹಸಿಗೆ ತೊಗಲು ಸಡಿಲಾದರೆ ತಂತಿಯೂ ಇಳಿಯುವದೆಂದು ಯಂತ್ರಶಾಸ್ತ್ರವೂ ಹೇಳುವದು. ಎಷ್ಟು ಹೊತ್ತು ಹಿಡಿಯಬೇಕೆಂಬದನ್ನು ಹೇಳುವದಿಲ್ಲ; ಅವಳು ಬೆರಳಿನಿಂದ ಎರಡು ಸಲ ತಟ್ಟಿ, ಮೂರನೆಯ ಸಲಕ್ಕೆ ಸಾಕೆಂದಳು.

ಕೋಲಿನ ತುದಿಗೆ ಬಿಲ್ಲೆಯನ್ನು ಅಂಟಿಸಲು ತರುಣನು ಕೇಳಿಕೊಂಡಾಗ ಅವಳು ಅದಕ್ಕೆ ಭಂಡಾರವನ್ನು ಹಚ್ಚಿ ತಾನೇ ಜಾಗವನ್ನು ತೋರಿಸಿದಳು. “ಈಗರೆ ನಿನ್ನ ಮಷಿನ್ ನನ್ನ ಚೌಡಿಕಿಗೆ ಶ್ರುತಿ ಆಗೇತೇನು?” ಎಂದು ಕೇಳಿದಳು. ನೆರೆಯಿಂದ ತಾಳದವಳೂ ಬಂದಳು. ಆ ದಿನ ಹನ್ನೊಂದು ಪದಗಳಾದವು. ಕಂಠಕ್ಕೆ ಒಂದು ಧ್ವನಿಗ್ರಾಹಕ, ತಂತಿಗೆ ಬಿಲ್ಲೆ. ಎರಡೂ ಬೇರೆ ಬೇರೆ ಸಾಲಿನಲ್ಲಿ ಇಳಿದವು. ಪ್ರತಿ ಪದದ ಮುಂಚೆ ಅವಳು ಷಡ್ಜವನ್ನು ಹಿಡಿದಾಗ ತರುಣನು ಅದನ್ನು ಅಳೆದು ಬರೆದುಕೊಂಡನು. ಯಾಕಂದರೆ ಬಿಸಿಲೇರಿದಂತೆ ತೊಗಲು ಬಿಗಿದು 214 ಇದ್ದದ್ದು ಮಧ್ಯಾಹ್ನಕ್ಕೆ 217 ಆಗಿದ್ದಿತು, ಅವಳ ಕಂಠವೂ ಅದರ ಬೆನ್ನುಹತ್ತಿ ಏರಿತ್ತು. ಹಾಗಾದರೆ ಧ್ರುವವೀಣೆಯು ಯಾವುದು? ಇದನ್ನು ತರುಣನು ಆಯಿಗೆ ಕೇಳಿದನು. ಆಯಿಯು, ಗಂಡಹೆಂಡಿರ ನಡುವಿನ ಮಾತನ್ನು ಕೇಳಬಾರದೆಂದಳು.

ಓದುವ ಯಂತ್ರಕ್ಕೆ ಈ ಸಲ ಪಿಯಾನೋದ ನಾದವನ್ನು ಕೊಡಲಿಲ್ಲ. ಮಿಡಿದ ತಂತಿಯಂತಹ ಒಂದು ಸಾದಾ ನಾದವನ್ನು ಕೊಟ್ಟದ್ದಾಯಿತು. ಮುದುಕಿಯು ಕಣ್ಣುಮುಚ್ಚಿ ಕೇಳಿದಳು. ತೊಗಲಿನ ಗದ್ದಲವಿಲ್ಲ, ಬಗಲಿನ ಬಿಸಿಯಿಲ್ಲ. ಆದರೂ ಏರುವಲ್ಲಿ ಏರಿತು, ನಿಲ್ಲುವಲ್ಲಿ ನಿಂತಿತು. ಅವಳು ಎರಡು ಕಡೆಯಲ್ಲಿ ತಲೆದೂಗಿದಳು, ಒಂದು ಕಡೆಯಲ್ಲಿ, “ಇಲ್ಲಿ ನಾನ ತಪ್ಪೀನಿ, ಅದು ಬರೋಬ್ಬರಿ ಬರದೈತಿ,” ಎಂದಳು. ಆರನೆಯ ಪದದ ನಡುವೆ ಒಂದು ವಿಚಿತ್ರ ಸ್ವರವು ಕೆಳಗಿನಿಂದ ಎದ್ದು ಉರುಳಿತು. ಅವಳಿಗೆ ಆಗ ಕೆಮ್ಮು ಬಂದಿತ್ತು. ಬಗಲಲ್ಲಿದ್ದ ಚೌಡಿಕೆಯು ಅದುರಿ ಯಂತ್ರವು ಅದನ್ನೂ ಸ್ವರವೆಂದು ಬರೆದುಕೊಂಡಿತ್ತು. ತರುಣನು ಅಳಿಸಹೋದನು.

“ಇರಲಿ ಬಿಡೋ,” ಎಂದಳು ಮುದುಕಿ. “ಅದೂ ನಂದ.”

ಆಯಿಯ ಸೆರಗಿನ ಜೋಳವು ಪಡ್ಡಲಗಿಗೆ ಇಳಿಯಿತು. ಬಿಲ್ಲೆಯನ್ನು ಬಿಡಿಸಿಕೊಂಡು, ಅದರ ಅಂಟನ್ನು ಸೆರಗಿನ ತುದಿಯಿಂದ ಉಜ್ಜಿ, ಅವಳು ಎದ್ದು ನಿಂತಳು. ಹೊತ್ತು ಇಳಿಯುವ ಮುಂಚೆ ಇನ್ನೂ ಆರು ಮನೆಗಳ ಜೋಗವು ಉಳಿದಿದ್ದಿತು.